ಶಿವರಾತ್ರಿಯಿಂದ ಯುಗಾದಿಯವರೆಗೆ: ಚೈತ್ರಕ್ಕೆ ನಾಲ್ಕಾರು ಒಳ್ಳೆಯ ಬಟ್ಟೆ ಸಿದ್ಧಪಡಿಸಿಕೊಳ್ಳುವ ಕ್ರಮ

ಶಿವರಾತ್ರಿಗೆ ಚಳಿ 'ಶಿವ ಶಿವಾ' ಎಂದು ಹೊರಟುಹೋಗುತ್ತದೆ ಎಂಬ ಮಾತನ್ನು ನಮ್ಮಲ್ಲಿ ಕೇಳದವರಿಲ್ಲ. ಮಾಘ ಬಹುಳ ಚತುರ್ದಶಿಯ ಆ ರಾತ್ರಿಯಿಂದ ಚೈತ್ರ ಶುದ್ಧ ಪಾಡ್ಯದ ಯುಗಾದಿಗೆ ಸಾಮಾನ್ಯವಾಗಿ ಒಂದು ತಿಂಗಳ ಅಂತರವಿರುತ್ತದೆ. ಹಬ್ಬಕ್ಕೆ ಹೊಸ ಬಟ್ಟೆ ಬೇಕೆಂಬುದು ಎಲ್ಲರಿಗೂ ಗೊತ್ತಿದ್ದರೂ ಹೆಚ್ಚಿನವರು ಅಂಗಡಿಗೆ ಹೋಗುವುದು ಹಬ್ಬದ ಹಿಂದಿನ ಭಾನುವಾರ. ಆ ನೂಕುನುಗ್ಗಲಿನಲ್ಲಿ ಕೈಗೆ ಸಿಕ್ಕಿದ್ದನ್ನು ತಂದು ಹಬ್ಬದ ದಿನ ಉಟ್ಟು, ಎರಡು ವಾರದಲ್ಲಿ ಬೀರುವಿನ ಮೂಲೆಗೆ ತಳ್ಳುತ್ತಾರೆ. ಬಟ್ಟೆ ಕೆಟ್ಟದ್ದೆಂದಲ್ಲ, ಅದು ಮುಂದೆ ಬರುವ ಮೂರು ತಿಂಗಳ ಸೆಕೆಗೆ ಹೊಂದುವುದಿಲ್ಲ. ಈ ಒಂದು ತಿಂಗಳನ್ನು ಸರಿಯಾಗಿ ಬಳಸಿಕೊಂಡು, ಎಣಿಸಿದಷ್ಟೇ ಆದರೂ ಐದಾರು ವರ್ಷ ಬಾಳುವ ಬಟ್ಟೆಗಳನ್ನು ಆರಿಸುವ, ಹೊಲಿಸುವ ಮತ್ತು ಕಾಪಾಡುವ ಕ್ರಮವನ್ನು ಇಲ್ಲಿ ವಾರದ ಲೆಕ್ಕದಲ್ಲಿ ವಿವರಿಸಿದೆ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಹಿಮ ಕರಗುವ ದೇಶಗಳಲ್ಲಿ ವಸಂತವೆಂದರೆ ದಪ್ಪ ಕೋಟು ಕಳಚಿ ತೆಳು ಕೋಟು ತೊಡುವ ಕಾಲ. ನಮ್ಮ ವಸಂತವಾದ ಚೈತ್ರ-ವೈಶಾಖ ಮಾಸಗಳು ಏಪ್ರಿಲ್-ಮೇ ತಿಂಗಳ ಉರಿಬಿಸಿಲಿನಲ್ಲಿ ಬೀಳುತ್ತವೆ. ಮಾವು ಚಿಗುರಿ ಬೇವು ಹೂಬಿಟ್ಟ ಬೆಳಗು ಹಿತವಾಗಿರುವುದು ನಿಜವಾದರೂ ಅದೇ ದಿನ ಮಧ್ಯಾಹ್ನ ಕಲಬುರಗಿ, ರಾಯಚೂರುಗಳಲ್ಲಿ ಬಿಸಿಲು 40 ಡಿಗ್ರಿಯನ್ನು ಮುಟ್ಟುತ್ತಿರುತ್ತದೆ, ಮಂಗಳೂರಿನಲ್ಲಿ ಬೆನ್ನಿನ ಬೆವರು ಆರುವುದೇ ಇಲ್ಲ. ಆದ್ದರಿಂದ ವಸಂತದ ಉಡುಪೆಂದು ಜಾಹೀರಾತುಗಳು ತೋರಿಸುವ ಪದರ ಪದರದ ಬಟ್ಟೆಗಳನ್ನು ಪಕ್ಕಕ್ಕಿಟ್ಟು, ಬೆವರನ್ನು ಹೀರಿ ಗಾಳಿಯನ್ನು ಒಳಬಿಡುವ ಬಟ್ಟೆ ಯಾವುದೆಂಬುದರಿಂದಲೇ ನಮ್ಮ ಆಯ್ಕೆ ಶುರುವಾಗಬೇಕು.

ಮೊದಲ ವಾರ: ಬೀರು ಬರಿದು ಮಾಡಿ ನೋಡುವುದು

ಕೊಳ್ಳುವ ಮುನ್ನ ಇರುವುದನ್ನೆಲ್ಲ ಮಂಚದ ಮೇಲೆ ಹರವಿ. ಕಳೆದ ಬೇಸಿಗೆಯಲ್ಲಿ ಮತ್ತೆ ಮತ್ತೆ ತೊಟ್ಟ ಬಟ್ಟೆಗಳು ಯಾವುವೆಂದು ನೆನಪಿಸಿಕೊಂಡು ಅವುಗಳನ್ನು ಒಂದು ಕಡೆಗೆ ಇಡಿ. ಅವು ಸಾಮಾನ್ಯವಾಗಿ ನಾಲ್ಕೈದಕ್ಕಿಂತ ಹೆಚ್ಚಿರುವುದಿಲ್ಲ. ಅವುಗಳ ಬಣ್ಣ, ನೇಯ್ಗೆ, ಅಳತೆಗಳೇ ನಿಮಗೆ ಏನು ಬೇಕೆಂಬುದಕ್ಕೆ ಅತ್ಯಂತ ನಂಬಿಕಸ್ತ ಸಾಕ್ಷಿ. ಆಮೇಲೆ ಒಂದೊಂದನ್ನೂ ಒಳಮಗ್ಗುಲು ಮಾಡಿ ಕಂಕುಳ ಹೊಲಿಗೆ, ಕಾಲರಿನ ಮಡಿಕೆ, ಪ್ಯಾಂಟಿನ ತೊಡೆಸಂದು ಇವುಗಳನ್ನು ಬೆಳಕಿಗೆ ಹಿಡಿದು ನೋಡಿ. ಹೊಲಿಗೆ ಮಾತ್ರ ಬಿಟ್ಟಿದ್ದರೆ ದರ್ಜಿಯ ಬಳಿ ಸರಿಪಡಿಸಬಹುದು. ಎಳೆಗಳೇ ಸವೆದು ಬಟ್ಟೆ ಜರಡಿಯಂತಾಗಿದ್ದರೆ ಅದನ್ನು ಒರೆಸುವ ಬಟ್ಟೆಯ ರಾಶಿಗೆ ಸೇರಿಸುವುದೇ ಸರಿ. ಸವೆದು ಮೆತ್ತಗಾದ ಹತ್ತಿಯಷ್ಟು ಚೆನ್ನಾಗಿ ನೀರು ಹೀರುವ ಒರೆಸುಬಟ್ಟೆ ಹೊಸತಾಗಿ ಕೊಂಡರೂ ಸಿಗದು.

ಸ್ವೆಟರು, ಶಾಲು, ಕಂಬಳಿಗಳನ್ನು ಈಗಲೇ ಒಗೆದು ಬಿಸಿಲಿಗೆ ಹಾಕಿ ಒಳಗಿಡಬೇಕು. ಉಣ್ಣೆ, ರೇಷ್ಮೆಗಳನ್ನು ತಿನ್ನುವ ನುಸಿಯ ಮರಿಗಳಿಗೆ ಬೆವರು ಮತ್ತು ಎಣ್ಣೆಯ ಕಲೆಯಿರುವ ಬಟ್ಟೆಯೇ ಹೆಚ್ಚು ಪ್ರಿಯವಾದ್ದರಿಂದ, ಒಗೆಯದೆ ಇಟ್ಟ ಸ್ವೆಟರಿಗೆ ಎಷ್ಟು ನುಸಿಗುಳಿಗೆ ಹಾಕಿದರೂ ಪ್ರಯೋಜನ ಕಡಿಮೆ.

ಈಗ ಕೊರತೆಯನ್ನು ಬರೆದುಕೊಳ್ಳಿ. ಪಟ್ಟಿ ಪ್ರತಿಯೊಬ್ಬರಿಗೂ ಬೇರೆಯಾಗುತ್ತದಾದರೂ ನನ್ನ ಲೆಕ್ಕ ಹೀಗಿದೆ: ಕಚೇರಿಗೆ ಹೋಗುವ ಗಂಡಸಿಗೆ ಎರಡು ಅರೆತೋಳಿನ ಅಂಗಿ, ಬಿಸಿಲಿನಲ್ಲಿ ಓಡಾಡುವುದಕ್ಕೆ ಒಂದು ತುಂಬುತೋಳಿನ ಬಿಳಿ ಅಥವಾ ಕೆನೆಬಣ್ಣದ ಅಂಗಿ, ಒಂದು ಹಗುರವಾದ ಹತ್ತಿಯ ಪ್ಯಾಂಟು, ಮನೆಗೂ ಹಬ್ಬಕ್ಕೂ ಆಗುವ ಒಂದು ನಾಲ್ಕು ಮೊಳದ ಪಂಚೆ. ಹೆಂಗಸರಿಗೆ ಎರಡು ಹತ್ತಿಯ ಸೀರೆ ಅಥವಾ ಎರಡು ಸಡಿಲವಾದ ಕುರ್ತಾ, ಹಲವು ಸೀರೆಗಳಿಗೆ ಹೊಂದುವ ಒಂದು ರವಿಕೆ, ಮತ್ತು ಯಾರೂ ಪಟ್ಟಿಯಲ್ಲಿ ಬರೆಯದ ಒಂದು ಒಳ್ಳೆಯ ಹತ್ತಿಯ ಒಳಲಂಗ. ನೂರನೇ ನಂಬರಿನ, ಅಂದರೆ ಬಹಳ ಸಣ್ಣ ಎಳೆಯ ನೂಲಿನ ಸೀರೆಯನ್ನು ಪಾಲಿಯೆಸ್ಟರ್ ಒಳಲಂಗದ ಮೇಲೆ ಉಟ್ಟು ಸೆಕೆ ಎಂದು ಗೊಣಗುವವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಮೈಗೆ ತಾಗುವ ಪದರವೇ ಬೆವರು ಹೀರದಿದ್ದರೆ ಮೇಲಿನ ಪದರ ಎಷ್ಟು ಬೆಲೆಯದಾದರೂ ಅದು ನೋಡುವವರಿಗೆ ಮಾತ್ರ ತಂಪು. ಗಂಡಸರ ಬನಿಯನ್ನಿಗೂ ಇದೇ ಮಾತು ಸಲ್ಲುತ್ತದೆ.

ಎರಡನೆಯ ವಾರ: ಬಟ್ಟೆ ಆರಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯವನ್ನೂ ಹೆಚ್ಚು ಹಣವನ್ನೂ ಬೇಡುವ ಹಂತ ಇದೇ. ಹೊಲಿಗೆಯನ್ನು ಬಿಚ್ಚಿ ಮತ್ತೆ ಹೊಲಿಯಬಹುದು, ಗುಂಡಿ ಬದಲಿಸಬಹುದು. ಕೆಟ್ಟ ಬಟ್ಟೆಯನ್ನು ಒಳ್ಳೆಯದಾಗಿಸುವ ಉಪಾಯವಿಲ್ಲ.

ಹತ್ತಿ ಏಕೆ ಎಂಬುದಕ್ಕೆ ಉತ್ತರ ಸರಳ. ಸಾಧಾರಣ ಹವೆಯಲ್ಲಿ ಹತ್ತಿಯ ನಾರು ತನ್ನ ತೂಕದ ಸುಮಾರು ಶೇಕಡಾ 8ರಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಗಸೆಯ ನಾರಿನಿಂದ ನೇಯುವ ಲಿನನ್ ಅದಕ್ಕಿಂತಲೂ ಹೆಚ್ಚು ಹಿಡಿಯುತ್ತದೆ. ಪಾಲಿಯೆಸ್ಟರ್ ಶೇಕಡಾ ಅರ್ಧದಷ್ಟನ್ನೂ ಹಿಡಿಯುವುದಿಲ್ಲ. ಮೈಯಿಂದ ಹೊರಟ ಬೆವರು ಬಟ್ಟೆಗೆ ಸೇರಿ, ಅಲ್ಲಿಂದ ಗಾಳಿಗೆ ಆರಿದಾಗಲೇ ತಂಪಾಗುವುದು. ಆದರೆ ಹತ್ತಿ ಎಂದಾಕ್ಷಣ ಎಲ್ಲವೂ ತಂಪಲ್ಲ. ಬಿಗಿಯಾಗಿ ನೇಯ್ದ ದಪ್ಪ ಹತ್ತಿಯ ಜೀನ್ಸ್ ಸಹ ನೂರಕ್ಕೆ ನೂರು ಹತ್ತಿಯೇ. ಹಾಗಾಗಿ ನಾರಿನ ಜೊತೆಗೆ ನೂಲಿನ ನಂಬರು, ನೇಯ್ಗೆ ಮತ್ತು ತೂಕ ಈ ಮೂರನ್ನೂ ಕೇಳಿ ತಿಳಿಯಬೇಕು.

ನೂಲಿನ ನಂಬರು ಹೆಚ್ಚಿದಷ್ಟೂ ಎಳೆ ಸಣ್ಣದಾಗುತ್ತದೆ. ಒಂದು ಪೌಂಡ್ ತೂಕದ ಹತ್ತಿಯಿಂದ 840 ಗಜದ ಎಷ್ಟು ಲಡಿಗಳು ಬರುತ್ತವೆ ಎಂಬುದೇ ಈ ಲೆಕ್ಕ. 40 ಲಡಿ ಬಂದರೆ 40ನೇ ನಂಬರು, 80 ಬಂದರೆ 80ನೇ ನಂಬರು. ದಿನಬಳಕೆಯ ಅಂಗಿಗೆ 40ರಿಂದ 60ರ ನೂಲು ಸಾಕು, ಗಟ್ಟಿಯೂ ಹೌದು. ಸೀರೆಗೆ 80, 100 ಚೆನ್ನ. ನೂಲು ಸಣ್ಣದಾದಷ್ಟು ಮೆದುವಾಗುತ್ತದೆಂಬುದು ನಿಜ, ಆದರೆ ದಿನವೂ ಬೈಕಿನಲ್ಲಿ ಬ್ಯಾಗಿನ ಪಟ್ಟಿ ಹೆಗಲಿಗೆ ಉಜ್ಜುವವರು 100ರ ನೂಲಿನ ಅಂಗಿಗೆ ಆಸೆಪಡಬಾರದು; ಅದು ಹೆಗಲಿನಲ್ಲೇ ಮೊದಲು ಹರಿಯುತ್ತದೆ. ತೂಕದ ವಿಷಯದಲ್ಲಿ, ಚದರ ಮೀಟರಿಗೆ 100ರಿಂದ 130 ಗ್ರಾಮಿನೊಳಗಿನ ಬಟ್ಟೆ ಬೇಸಿಗೆಯ ಅಂಗಿಗೆ ಹದವಾಗಿರುತ್ತದೆ, ಪ್ಯಾಂಟಿಗೆ 200ರ ಆಸುಪಾಸು ಬೇಕು. ಅಂಗಡಿಯವರಿಗೆ ಈ ಅಂಕಿ ಗೊತ್ತಿಲ್ಲದಿದ್ದರೆ ಬಟ್ಟೆಯ ಒಂದೇ ಪದರವನ್ನು ಅಂಗೈಯ ಮೇಲೆ ಹರಡಿ ಟ್ಯೂಬ್‌ಲೈಟಿಗೆ ಹಿಡಿಯಿರಿ. ಬೆರಳುಗಳ ಆಕಾರ ಮಂದವಾಗಿ ಕಂಡರೆ ಅಂಗಿಗೆ ಸರಿ. ಬೆರಳಿನ ಗೆಣ್ಣಿನ ಗೆರೆಗಳೂ ಕಂಡರೆ ಅದು ಮಲ್‌ಮಲ್, ಅಂಗಿಗಿಂತ ದುಪ್ಪಟ್ಟಕ್ಕೋ ಅಸ್ತರಿಗೋ ಒಳ್ಳೆಯದು. ಏನೂ ಕಾಣದಿದ್ದರೆ ಅದನ್ನು ಕಾರ್ತಿಕಕ್ಕೆ ಬಿಡಿ.

ಅಂಗಡಿಯಲ್ಲಿ ಕಣ್ಣಿಗಿಂತ ಕೈಯನ್ನು ಹೆಚ್ಚು ನಂಬಬೇಕು. ಬಟ್ಟೆಯ ಮೂಲೆಯನ್ನು ಮುಷ್ಟಿಯಲ್ಲಿ ಹತ್ತು ಎಣಿಸುವಷ್ಟು ಹೊತ್ತು ಹಿಸುಕಿ ಬಿಟ್ಟರೆ ಹತ್ತಿ ಸುಕ್ಕಾಗಲೇಬೇಕು; ಸುಕ್ಕೇ ಆಗದಿದ್ದರೆ ಬೆರಕೆ ಇದೆಯೆಂದೋ ರಾಸಾಯನಿಕ ಲೇಪವಿದೆಯೆಂದೋ ಅರ್ಥ. 'ಕಾಟನ್ ಫೀಲ್' ಎಂಬ ಹೊಸ ಮಾತು ಈಚೆಗೆ ಕೇಳಿಬರುತ್ತಿದೆ. ಕೈಗೆ ಹತ್ತಿಯಂತೆ ತೋರುವ ಬಟ್ಟೆಯಲ್ಲಿ ಹತ್ತಿ ಇರಲೇಬೇಕೆಂದಿಲ್ಲ ಎಂಬುದನ್ನು ನೆನಪಿಡಿ. ಅನುಮಾನವಿದ್ದರೆ ಅಂಚಿನಿಂದ ಎರಡು ಎಳೆ ಕೇಳಿ ಪಡೆದು ಮನೆಯಲ್ಲಿ ದೀಪಕ್ಕೆ ಹಿಡಿಯಬಹುದು. ಹತ್ತಿ ಕಾಗದದ ವಾಸನೆ ಬೀರುತ್ತಾ ಉರಿದು ಹಗುರವಾದ ಬೂದಿಯಾಗುತ್ತದೆ, ರೇಷ್ಮೆ ಸುಟ್ಟ ಕೂದಲಿನಂತೆ ನಾರುತ್ತದೆ, ಪಾಲಿಯೆಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಉದ್ದಕ್ಕೆ ಓಡುವ ಹಾಸಿನ ಎಳೆ ಒಂದು, ಅಡ್ಡಕ್ಕೆ ಓಡುವ ಹೊಕ್ಕಿನ ಎಳೆ ಒಂದು ಹೀಗೆ ಎರಡನ್ನೂ ಸುಟ್ಟು ನೋಡುವುದು ಮುಖ್ಯ, ಏಕೆಂದರೆ ಒಂದು ಹತ್ತಿಯಾಗಿದ್ದು ಇನ್ನೊಂದು ಬೇರೆಯಾಗಿರುವ ಬಟ್ಟೆಗಳು ಧಾರಾಳವಾಗಿವೆ.

ಎಲ್ಲಿ ಕೊಳ್ಳಬೇಕೆಂಬ ಪ್ರಶ್ನೆಗೆ ನಮ್ಮ ರಾಜ್ಯದ ಮಗ್ಗಗಳೇ ಉತ್ತರ ಕೊಡುತ್ತವೆ. ಖಾದಿ ಬೇಕಾದರೆ ಖಾದಿ ಭಂಡಾರಗಳಿವೆ. ಕೈಯಲ್ಲಿ ನೂತು ಕೈಮಗ್ಗದಲ್ಲಿ ನೇಯ್ದದ್ದು ಮಾತ್ರ ಖಾದಿ, ಕೈಮಗ್ಗದಲ್ಲಿ ಗಿರಣಿ ನೂಲನ್ನು ನೇಯ್ದರೆ ಅದು ಕೈಮಗ್ಗದ ಬಟ್ಟೆಯಾಗುತ್ತದೆಯೇ ಹೊರತು ಖಾದಿಯಾಗುವುದಿಲ್ಲ. ರಾಷ್ಟ್ರಧ್ವಜ ತಯಾರಿಸುವ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘದ ಹೆಸರನ್ನು ಎಲ್ಲರೂ ಕೇಳಿದ್ದಾರೆ. ಆ ಧ್ವಜಕ್ಕೆ ಬೇಕಾಗುವ ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಂತಹ ಊರುಗಳಲ್ಲಿ ತಯಾರಾಗುತ್ತದೆ. ಖಾದಿಯ ಎಳೆ ಒಂದೇ ಸಮನಾಗಿರುವುದಿಲ್ಲ, ಅಲ್ಲಲ್ಲಿ ಸಣ್ಣ ಗಂಟು ಕಾಣುತ್ತದೆ. ಅದನ್ನು ದೋಷವೆಂದು ತಿಳಿಯಬಾರದು, ಆ ಏರುಪೇರಿನ ನಡುವಿನ ಸಂದುಗಳಲ್ಲೇ ಗಾಳಿ ಆಡುತ್ತದೆ. ಗಾಂಧಿ ಜಯಂತಿಯ ಸಮಯದಲ್ಲಿ ಖಾದಿಗೆ ರಿಯಾಯಿತಿ ಸಿಗುವುದರಿಂದ ಬೇಸಿಗೆಯ ಖಾದಿಯನ್ನು ಅಕ್ಟೋಬರಿನಲ್ಲೇ ಕೊಂಡಿಡುವುದು ಜಾಣತನ. ಈ ವರ್ಷಕ್ಕೆ ತಡವಾಯಿತು, ಮುಂದಿನ ವರ್ಷಕ್ಕೆ ಬರೆದಿಟ್ಟುಕೊಳ್ಳಿ.

ಕುರ್ತಾ ಮತ್ತು ಅಂಗಿಯ ಬಟ್ಟೆಗೆ ಸಾಗರ ತಾಲ್ಲೂಕಿನ ಹೆಗ್ಗೋಡಿನ ಚರಕ ಮಹಿಳಾ ಸಹಕಾರ ಸಂಘದ ಕೈಮಗ್ಗದ ಬಟ್ಟೆಗಳನ್ನು ನೋಡಬಹುದು. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದಾಗ ಉಳಿಯುವ ಚೊಗರನ್ನು ಅಲ್ಲಿ ಬಣ್ಣಕ್ಕೆ ಬಳಸುತ್ತಾರೆ. ಆ ಕಂದುಗೆಂಪು ತೋಟದ ಮನೆಯಲ್ಲಿ ಬೆಳೆದವರಿಗೆ ಒಡನೆಯೇ ಗುರುತು ಸಿಗುತ್ತದೆ, ಅಂಗಿಗೆ ತಾಗಿದರೆ ಹೋಗದೆಂದು ಬೈಸಿಕೊಂಡ ಬಣ್ಣವೇ ಅದು. ರಾಜ್ಯ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳಲ್ಲೂ ಕೈಮಗ್ಗದ ಬಟ್ಟೆ ಸಿಗುತ್ತದೆ.

ಸೀರೆಯ ವಿಚಾರಕ್ಕೆ ಬಂದರೆ ಇಳಕಲ್ಲಿನದು ಸ್ವಲ್ಪ ವಿವರವಾಗಿಯೇ ಹೇಳಬೇಕಾದ ಕಥೆ. ಬೇರೆ ಸೀರೆಗಳಂತೆ ಒಂದೇ ಉದ್ದನೆಯ ಹಾಸನ್ನು ಮಗ್ಗಕ್ಕೇರಿಸಿ ಒಂದರ ಹಿಂದೊಂದು ಸೀರೆ ನೇಯುತ್ತಾ ಹೋಗಲು ಇದರಲ್ಲಿ ಬರುವುದಿಲ್ಲ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿದ ಮೇಲೆ ನೇಯ್ಗೆ ಮುಂದುವರಿಯುತ್ತದೆ, ಅಂದರೆ ಪ್ರತಿಯೊಂದು ಸೀರೆಗೂ ಹಾಸನ್ನು ಹೊಸದಾಗಿ ಅಣಿಗೊಳಿಸಬೇಕು. ಒಡಲು ನೀಲಿಯೋ ಕಪ್ಪೋ ಆಗಿದ್ದರೂ ಸೆರಗಿನ ಕೆಂಪು ಅಷ್ಟು ನಿಖರವಾಗಿ ಗೆರೆ ಕೊಯ್ದಂತೆ ಆರಂಭವಾಗುವುದು ಇದರಿಂದಲೇ. ಕೊಳ್ಳುವಾಗ ಸೀರೆಯನ್ನು ತಿರುವಿ, ಒಡಲು ಸೆರಗು ಕೂಡುವ ಆ ಗೆರೆಯ ಮೇಲೆ ಉಗುರು ಆಡಿಸಿ ನೋಡಿ. ಕೊಂಡಿಗಳ ಸಾಲು ಸಣ್ಣ ದಿಂಡಿನಂತೆ ತಾಗುತ್ತದೆ. ಬೇಸಿಗೆಗಾಗಿ ಕೊಳ್ಳುವವರು ಒಡಲು ಪೂರ್ತಿ ಹತ್ತಿಯೇ, ಅಥವಾ ಕೃತಕ ರೇಷ್ಮೆ ಸೇರಿದೆಯೇ ಎಂದು ಕೇಳಲೇಬೇಕು, ಏಕೆಂದರೆ ಎರಡು ಬಗೆಯೂ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಕರಾವಳಿಯ ಜಿಗುಟು ಸೆಕೆಗೆ ಇನ್ನೂ ಹಗುರವಾದದ್ದು ಬೇಕೆನಿಸಿದರೆ, ಶೆಟ್ಟಿಗಾರರು ನೇಯುವ, ಸಣ್ಣ ಬುಟ್ಟಾಗಳ ಉಡುಪಿ ಸೀರೆಗೆ ಸಾಟಿಯಿಲ್ಲ. ಗದಗ ಜಿಲ್ಲೆಯ ಗಜೇಂದ್ರಗಡದ ಪಟ್ಟೇದ ಅಂಚಿನ ಚೌಕುಳಿ ಸೀರೆ ದಿನಬಳಕೆಗೆ ಗಟ್ಟಿ. ಬಿರುಸಾಗಿ ಕಂಡರೂ ನಾಲ್ಕು ಒಗೆತ ಕಂಡ ಮೇಲೆ ಮೈಗೊಗ್ಗುತ್ತದೆ.

ಬಣ್ಣ ತಿಳಿಯಾಗಿರಲಿ ಎನ್ನುವುದಕ್ಕಿಂತ ಹೆಚ್ಚಿನ ಉಪದೇಶ ಬೇಕಿಲ್ಲ. ಕಡುನೀಲಿಯ ಮೇಲೆ ಬೆವರು ಒಣಗಿದ ಉಪ್ಪಿನ ಗೆರೆ ಎದ್ದು ಕಾಣುತ್ತದೆ, ಬೂದುಬಣ್ಣದ ಮೇಲೆ ಒದ್ದೆ ಕಂಕುಳು ಕಾಣುತ್ತದೆ. ಬಿಳಿ, ಕೆನೆ, ಸಣ್ಣ ಚೌಕುಳಿಗಳು ಎರಡನ್ನೂ ಮರೆಸುತ್ತವೆ.

ಎಷ್ಟು ಕೊಳ್ಳಬೇಕೆಂಬುದು ಬಟ್ಟೆಯ ಅಗಲದ ಮೇಲೆ, ಅಂಗಡಿಯವರ ಮಾತಿನಲ್ಲಿ ಪನ್ನಾದ ಮೇಲೆ ನಿಂತಿದೆ. 58 ಅಂಗುಲ ಅಗಲದ್ದಾದರೆ ತುಂಬುತೋಳಿನ ಅಂಗಿಗೆ 1.6 ಮೀಟರ್ ಸಾಕಾಗುತ್ತದೆ. ಖಾದಿ ಮತ್ತು ಕೈಮಗ್ಗದ 36 ಅಂಗುಲದ ಬಟ್ಟೆಗೆ ಎರಡೂವರೆ ಮೀಟರ್ ಬೇಕು. ಕೈಮಗ್ಗದ್ದನ್ನು ಕೊಳ್ಳುವಾಗ ಇದರ ಮೇಲೆ ಇನ್ನೊಂದು ಕಾಲು ಮೀಟರ್ ಸೇರಿಸಿ ತನ್ನಿ. ಅದರ ಕಾರಣ ಮುಂದಿನ ಹಂತದಲ್ಲಿದೆ.

ಹೊಲಿಯುವ ಮುನ್ನ: ನೀರಿಗೆ ಹಾಕುವುದು

ಈ ಹಂತವನ್ನು ಬಿಟ್ಟರೆ ಹಿಂದಿನದೆಲ್ಲ ವ್ಯರ್ಥ. ಮಗ್ಗದಲ್ಲಿ ಬಿಗಿಯಾಗಿ ಎಳೆಸಿಕೊಂಡಿದ್ದ ಹತ್ತಿಯ ಎಳೆ ಮೊದಲ ಸಲ ನೀರು ಕಂಡಾಗ ಸಡಿಲಗೊಂಡು ತನ್ನ ಸಹಜ ಉದ್ದಕ್ಕೆ ಮರಳುತ್ತದೆ. ಗಿರಣಿಯ ಬಟ್ಟೆಯನ್ನು ಹಲವೊಮ್ಮೆ ಮೊದಲೇ ಕುಗ್ಗಿಸಿ ಕಳಿಸಿರುತ್ತಾರೆ. ಕೈಮಗ್ಗದ್ದು ಮತ್ತು ಖಾದಿ ಹಾಗಲ್ಲ. ಶೇಕಡಾ 4ರಷ್ಟು ಕುಗ್ಗಿದರೂ ಎರಡೂವರೆ ಮೀಟರಿನಲ್ಲಿ 10 ಸೆಂಟಿಮೀಟರ್ ಹೋಗುತ್ತದೆ. ಹಿಂದೊಮ್ಮೆ ನಾನು ಆಸೆಪಟ್ಟು ತಂದ ಕೆನೆಬಣ್ಣದ ಖಾದಿಯನ್ನು ಹಬ್ಬ ಹತ್ತಿರ ಬಂತೆಂಬ ಆತುರದಲ್ಲಿ ನೇರವಾಗಿ ಹೊಲಿಸಿದೆ. ಯುಗಾದಿಯ ದಿನ ಅಂಗಿ ಅಚ್ಚುಕಟ್ಟಾಗಿತ್ತು. ಮೊದಲ ಒಗೆತಕ್ಕೆ ತೋಳು ಒಂದೂವರೆ ಅಂಗುಲ ಮೇಲೇರಿ, ಕಫಿನ ಗುಂಡಿ ಮಣಿಕಟ್ಟಿಗಿಂತ ಮೇಲೆ ನಿಂತಿತು. ಕಾಲರಿನೊಳಗಿನ ಕ್ಯಾನ್ವಾಸು ಮಾತ್ರ ಕುಗ್ಗದೆ ಉಳಿದದ್ದರಿಂದ ಕಾಲರು ಹಪ್ಪಳದಂತೆ ಉಬ್ಬಿತು. ದರ್ಜಿಯದು ಏನೂ ತಪ್ಪಿರಲಿಲ್ಲ. ಆ ಅಂಗಿಯ ತೋಳು ಕತ್ತರಿಸಿ ಅರೆತೋಳು ಮಾಡಿಸಿಕೊಂಡು ನಾಲ್ಕು ವರ್ಷ ತೊಟ್ಟೆ.

ಕ್ರಮ ಸುಲಭ. ಬಟ್ಟೆಯನ್ನು ಸಡಿಲವಾಗಿ ಮಡಿಸಿ, ಪೂರ್ತಿ ಮುಳುಗುವಷ್ಟು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿಡಿ. ಕಡುಬಣ್ಣದ್ದಾದರೆ ಒಂದು ಗಂಟೆ ಸಾಕು, ಮತ್ತು ಒಂದೊಂದನ್ನೂ ಬೇರೆ ಬೇರೆ ಬಕೆಟ್ಟಿನಲ್ಲಿ ಹಾಕಬೇಕು. ಬಣ್ಣ ನಿಲ್ಲಲೆಂದು ನೀರಿಗೆ ಉಪ್ಪು ಹಾಕುವ ರೂಢಿ ಮನೆಮನೆಯಲ್ಲಿದೆ. ಸರಿಯಾಗಿ ಹಿಡಿಯದ ಬಣ್ಣವನ್ನು ಉಪ್ಪು ಹಿಡಿದು ನಿಲ್ಲಿಸಲಾರದು, ಮೊದಲೆರಡು ನೀರಿನಲ್ಲಿ ಬಿಡುವುದು ಮೇಲೆ ಕೂತ ಹೆಚ್ಚುವರಿ ಬಣ್ಣ ಮಾತ್ರ. ಐದನೆಯ ನೀರಿನಲ್ಲೂ ಬಣ್ಣ ಹರಿಯುತ್ತಿದ್ದರೆ ಆ ಬಟ್ಟೆಯನ್ನು ಅಂಗಡಿಗೆ ಹಿಂತಿರುಗಿಸುವ ಮಾತಾಡುವುದೇ ಒಳಿತು. ನೆನೆದದ್ದನ್ನು ಹಿಂಡದೆ ಎತ್ತಿ ನೀರಿಳಿಯಲು ಬಿಟ್ಟು, ಅಂಚು ನೇರವಾಗಿ ಬರುವಂತೆ ನೆರಳಿನಲ್ಲಿ ಹರವಿ, ಸ್ವಲ್ಪ ತೇವ ಇರುವಾಗಲೇ ಹಾಸಿನ ದಿಕ್ಕಿನಲ್ಲಿ ಇಸ್ತ್ರಿ ಮಾಡಿ. ಬಟ್ಟೆಯ ಅಸ್ತರು, ಸೀರೆಯ ಫಾಲ್ ಇವುಗಳನ್ನೂ ಹೀಗೆಯೇ ನೀರು ಕಾಣಿಸಬೇಕು. ಹತ್ತಿಯ ಫಾಲನ್ನು ನೆನೆಸದೆ ಹೊಲಿದ ಸೀರೆ ಮೊದಲ ಒಗೆತದಲ್ಲೇ ಪಾದದ ಬಳಿ ಸುರುಟಿಕೊಂಡು, ನೆರಿಗೆಗಳು ಎಷ್ಟು ಎಳೆದರೂ ಕೂರುವುದಿಲ್ಲ.

ಮೂರನೆಯ ವಾರ: ದರ್ಜಿಯ ಮುಂದೆ

ಹಬ್ಬಕ್ಕೆ ಹದಿನೈದು ದಿನವಿರುವಾಗ ಬಟ್ಟೆ ದರ್ಜಿಯ ಕೈಯಲ್ಲಿರಬೇಕು. ಅದಕ್ಕಿಂತ ತಡವಾದರೆ ನಿಮ್ಮ ಅಂಗಿ ರಾಶಿಯ ಅಡಿಯಲ್ಲಿ ಸೇರಿ ಕೊನೆಯ ರಾತ್ರಿಯ ಅವಸರದ ಹೊಲಿಗೆಯಾಗುತ್ತದೆ. ಆ ರಾತ್ರಿ ಎಂತಹ ಕುಶಲ ದರ್ಜಿಯೂ ಹೊಲಿಗೆಯ ಉದ್ದವನ್ನು ಒಂದು ಗೆರೆ ಹೆಚ್ಚಿಸಿಕೊಳ್ಳುತ್ತಾರೆ. ಹೋಗುವಾಗ ನಿಮಗೆ ಚೆನ್ನಾಗಿ ಕೂರುವ ಹಳೆಯ ಅಂಗಿ ಅಥವಾ ರವಿಕೆಯನ್ನು ಒಯ್ಯಿರಿ. ಟೇಪಿನ ಅಳತೆಯ ಜೊತೆಗೆ ಅಳತೆಬಟ್ಟೆಯೂ ಇದ್ದರೆ ತಪ್ಪುವ ಸಂಭವ ಕಡಿಮೆ. ಬೇಸಿಗೆಯ ಅಂಗಿಗೆ ಎದೆಯ ಸುತ್ತಳತೆಗಿಂತ ನಾಲ್ಕೈದು ಅಂಗುಲ ಸಡಿಲ ಬೇಕೆಂದು ಹೇಳಿ. ಎದೆ 38 ಇದ್ದರೆ ಅಂಗಿ 42 ಅಥವಾ 43 ಬರಲಿ. ಕಂಕುಳ ಸುತ್ತು ಬಿಗಿಯಾದರೆ ಎಷ್ಟು ತೆಳುವಾದ ಬಟ್ಟೆಯೂ ಬೆವರಿಗೆ ಅಂಟುತ್ತದೆ.

ಕೇಳಿ ಮಾಡಿಸಿಕೊಳ್ಳಬೇಕಾದ ಸಂಗತಿಗಳು ಕೆಲವಿವೆ. ಅಂಗುಲಕ್ಕೆ ಹತ್ತರಿಂದ ಹನ್ನೆರಡು ಹೊಲಿಗೆ ಬರಲಿ. ಮಗ್ಗುಲಿನ ಮತ್ತು ತೋಳಿನ ಹೊಲಿಗೆಯನ್ನು ಬರಿಯ ಓವರ್‌ಲಾಕ್ ಹಾಕಿ ಬಿಡದೆ, ಅಂಚನ್ನು ಒಳಗೆ ಮಡಿಸಿ ಎರಡು ಸಾಲು ಹೊಲಿದರೆ ಕತ್ತರಿಸಿದ ಎಳೆ ಹೊರಗೆ ಕಾಣುವುದಿಲ್ಲ, ಮೈಗೆ ಚುಚ್ಚುವುದೂ ಇಲ್ಲ. ಇದಕ್ಕೆ ಕೂಲಿ ಸ್ವಲ್ಪ ಹೆಚ್ಚು ಕೇಳಿದರೆ ಚೌಕಾಶಿ ಮಾಡದೆ ಕೊಡಿ. ರವಿಕೆಯಲ್ಲಿ ಒಳಗೆ ಎರಡೂ ಮಗ್ಗುಲಿಗೆ ಒಂದೊಂದು ಅಂಗುಲ ಬಟ್ಟೆ ಬಿಡಿಸಿಕೊಳ್ಳಿ, ಇಂದಿನ ಅಳತೆ ಮೂರು ವರ್ಷದ ಮೇಲೂ ಇರುತ್ತದೆಂಬ ಭರವಸೆ ಯಾರಿಗೂ ಇಲ್ಲ. ರವಿಕೆಯ ಅಸ್ತರು ತೆಳು ಹತ್ತಿಯದೇ ಆಗಬೇಕು. ಗುಳೇದಗುಡ್ಡದ ಖಣ ಹಬ್ಬದ ಬೆಳಗಿಗೆ ಬಲು ಚೆಂದ, ಆದರೆ ಅಸ್ತರು ಕೊಟ್ಟ ಬಿಗಿತೋಳಿನ ಖಣದ ಕುಪ್ಪಸವನ್ನು ಏಪ್ರಿಲಿನ ಮಧ್ಯಾಹ್ನ ಬಸ್ಸಿನಲ್ಲಿ ತೊಟ್ಟು ನೋಡಿದವರು ಎರಡನೆಯ ಸಲ ತೊಡಲಾರರು. ದಿನಬಳಕೆಗೆ ಸಾದಾ ಹತ್ತಿಯದನ್ನೇ ಹೊಲಿಸಿ.

ಕಾಜಾದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಪಟ್ಟಣಗಳಲ್ಲಿ ಬಹುಪಾಲು ದರ್ಜಿಗಳು ಅಂಗಿ ಹೊಲಿದ ಮೇಲೆ ಕಾಜಾ ಹಾಕಲು ಯಂತ್ರವಿರುವ ಬೇರೆ ಅಂಗಡಿಗೆ ಕಳಿಸುತ್ತಾರೆ. ಅಲ್ಲಿ ಅರೆನಿಮಿಷದಲ್ಲಿ ಒಂದು ಕಾಜಾ ಮುಗಿಯುತ್ತದೆ, ಮತ್ತು ದಾರ ಉಳಿಸಲು ಹೊಲಿಗೆ ವಿರಳವಾಗಿದ್ದರೆ ತಿಂಗಳೊಳಗೆ ಅದು ಗಡ್ಡ ಬಿಡುತ್ತದೆ. ಅಂಗಿ ಕೈಗೆ ಬಂದ ಕೂಡಲೇ ಕಾಜಾವನ್ನು ಹಿಂಬದಿಯಿಂದ ನೋಡಿ: ಎರಡೂ ದಡದಲ್ಲಿ ದಾರ ಒತ್ತೊತ್ತಾಗಿ, ನಡುವೆ ಬಟ್ಟೆಯ ಬಣ್ಣ ಕಾಣದಂತೆ ಕೂತಿರಬೇಕು, ಎರಡು ತುದಿಗಳಲ್ಲಿ ಅಡ್ಡಹೊಲಿಗೆ ಗಟ್ಟಿಯಾಗಿರಬೇಕು. ಕೈಕಾಜಾ ಹಾಕುವ ಹಿರಿಯ ದರ್ಜಿಯೊಬ್ಬರು ನಿಮ್ಮ ಊರಿನಲ್ಲಿ ಇನ್ನೂ ಇದ್ದರೆ ಅವರನ್ನು ಬಿಡಬೇಡಿ. ಅವರು ಮೊದಲು ಸೀಳಿ, ಸೀಳಿನ ದಡದುದ್ದಕ್ಕೂ ಒಂದೊಂದು ಸುತ್ತಿಗೂ ಗಂಟಿಕ್ಕುತ್ತಾ ಬರುತ್ತಾರೆ. ಒಂದು ಸುತ್ತು ಕಿತ್ತರೂ ಪಕ್ಕದ ಗಂಟು ತಡೆಯುತ್ತದೆ. ಗುಂಡಿಗೆ ತೆಂಗಿನ ಕರಟದ್ದು ಖಾದಿಗೂ ಕೈಮಗ್ಗಕ್ಕೂ ಒಪ್ಪುತ್ತದೆ, ಬಿಸಿನೀರಿನಲ್ಲಿ ಗಂಟೆಗಟ್ಟಲೆ ನೆನೆಸದಿದ್ದರೆ ಬಾಳುತ್ತದೆ. ಉಳಿದ ತುಂಡುಬಟ್ಟೆಯನ್ನೂ ಒಂದು ಹೆಚ್ಚುವರಿ ಗುಂಡಿಯನ್ನೂ ಕೇಳಿ ಪಡೆಯಲು ಮರೆಯಬೇಡಿ, ಮುಂದೆ ತೇಪೆಗೆ ಅದೇ ಬಟ್ಟೆ ಬೇರೆಲ್ಲೂ ಸಿಗದು.

ತೊಟ್ಟು ನೋಡುವಾಗ ಕನ್ನಡಿಯ ಮುಂದೆ ನೆಟ್ಟಗೆ ನಿಂತರೆ ಏನೂ ತಿಳಿಯುವುದಿಲ್ಲ. ಕೈಗಳನ್ನು ಮುಂದಕ್ಕೆ ಚಾಚಿ ಬೈಕಿನ ಹ್ಯಾಂಡಲ್ ಹಿಡಿದಂತೆ ಮಾಡಿ, ತಲೆಯ ಮೇಲೆ ಎತ್ತಿ ಬಸ್ಸಿನ ಕಂಬಿ ಹಿಡಿದಂತೆ ಮಾಡಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಏಳಿ. ಬೆನ್ನು ಎಳೆದರೆ, ಅಂಗಿ ಸೊಂಟದಿಂದ ಪೂರ್ತಿ ಮೇಲೆದ್ದರೆ, ಪ್ಯಾಂಟಿನ ಮಂಡಿ ಬಿಗಿದರೆ ಅಲ್ಲೇ ಹೇಳಿ ಸರಿಪಡಿಸಿಕೊಳ್ಳಬೇಕು.

ಸಿದ್ಧ ಉಡುಪನ್ನೇ ಕೊಳ್ಳುವವರು ಇವೇ ಅಂಶಗಳನ್ನು ಅಂಗಡಿಯಲ್ಲಿ ಒಳಮಗ್ಗುಲು ಮಾಡಿ ನೋಡಿದರಾಯಿತು. ಚೌಕುಳಿ ಅಂಗಿಯಾದರೆ ಜೇಬಿನ ಗೆರೆ ಎದೆಯ ಗೆರೆಗೆ ಕೂಡುತ್ತದೆಯೇ ಎಂದು ನೋಡಿ. ಅದನ್ನು ಕೂಡಿಸಲು ಬಟ್ಟೆ ಹೆಚ್ಚು ಬೇಕಾಗುತ್ತದೆ, ಅಲ್ಲಿ ಉಳಿತಾಯ ಮಾಡಿದವರು ಕಾಣದ ಕಡೆಯಲ್ಲೂ ಮಾಡಿರುತ್ತಾರೆ.

ಕೊನೆಯ ವಾರ: ಒಗೆತ, ಗಂಜಿ ಮತ್ತು ಹಬ್ಬದ ಬೆಳಗು

ಹೊಲಿದು ಬಂದ ಬಟ್ಟೆಯನ್ನು ಒಮ್ಮೆ ಒಗೆದೇ ತೊಡುವುದು ಒಳ್ಳೆಯದು. ದರ್ಜಿಯ ಸೀಮೆಸುಣ್ಣ, ಯಂತ್ರದ ಎಣ್ಣೆ, ಅಂಗಡಿಯ ಗಂಜಿ ಎಲ್ಲವೂ ಹೋಗುತ್ತವೆ. ಹೊಸದನ್ನು ನೀರಿಗೆ ಹಾಕಿದರೆ ಹೊಸತನ ಹೋಯಿತೆನ್ನುವ ಹಿರಿಯರಿದ್ದರೆ ಹಬ್ಬ ಮುಗಿಯುವವರೆಗೆ ಕಾಯಿರಿ, ಜಗಳ ಬೇಡ. ಆಮೇಲಿನ ಒಗೆತಗಳಲ್ಲಿ ಸೌಮ್ಯವಾದ ಸಾಬೂನು, ತಣ್ಣೀರು, ಒಳಮಗ್ಗುಲು ಮಾಡಿ ನೆರಳಿನಲ್ಲಿ ಒಣಗಿಸುವುದು, ಇಷ್ಟು ಸಾಕು. ಬಿಳಿಯ ಅಂಗಿಯ ಕಾಲರು ಕೊಳೆಯಾಯಿತೆಂದು ಬ್ಲೀಚಿಂಗ್ ಪುಡಿಗೆ ಕೈಹಾಕಬೇಡಿ, ಅದು ಕೊಳೆಯ ಜೊತೆಗೆ ಹತ್ತಿಯ ಎಳೆಯ ಬಲವನ್ನೂ ತಿನ್ನುತ್ತದೆ. ತೊಟ್ಟ ದಿನವೇ ಕಾಲರಿಗೆ ಸಾಬೂನು ಸವರಿ ಅರ್ಧ ಗಂಟೆ ಬಿಟ್ಟರೆ ಉಜ್ಜುವ ಅಗತ್ಯವೇ ಬರುವುದಿಲ್ಲ. ಬೆವರಿದ ಬಟ್ಟೆಯನ್ನು ಬುಟ್ಟಿಯಲ್ಲಿ ಮುದ್ದೆ ಮಾಡಿ ವಾರಗಟ್ಟಲೆ ಇಡುವುದರಿಂದ ಆಗುವಷ್ಟು ಹಾನಿ ಒಗೆತದಿಂದ ಆಗದು.

ಗಂಜಿಯ ವಿಷಯದಲ್ಲಿ ಹದ ತಪ್ಪುವುದು ಸುಲಭ. ಅನ್ನದ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಒಂದು ಲೋಟ ಗಂಜಿಗೆ ಅರ್ಧ ಬಕೆಟ್ ನೀರು ಬೆರೆಸಿ ಅದ್ದಿದರೆ ಸೀರೆಯ ನೆರಿಗೆ ನಿಲ್ಲುವಷ್ಟು ಬಿರುಸು ಬರುತ್ತದೆ. ಅದಕ್ಕಿಂತ ದಪ್ಪವಾದರೆ ಎಳೆಗಳ ನಡುವಿನ ಸಂದುಗಳೆಲ್ಲ ಮುಚ್ಚಿ, ಗಾಳಿಯಾಡುವ ಬಟ್ಟೆಯನ್ನು ನಾವೇ ರಟ್ಟು ಮಾಡಿದಂತಾಗುತ್ತದೆ. ಮಳೆಗಾಲಕ್ಕೆ ಎತ್ತಿಡುವ ಮುನ್ನ ಗಂಜಿಯನ್ನು ಪೂರ್ತಿ ತೊಳೆದು ತೆಗೆಯಲೇಬೇಕು; ಹತ್ತಿಯನ್ನು ನುಸಿ ಮುಟ್ಟದಿದ್ದರೂ ಗಂಜಿಗೆ ಜಿರಳೆ ಬರುತ್ತದೆ, ಮಡಿಕೆಯ ಗೆರೆಯಲ್ಲಿ ಬಟ್ಟೆ ಬಿರುಸಾಗಿ ಸೀಳುತ್ತದೆ.

ಸೌರಮಾನ ಯುಗಾದಿ ಆಚರಿಸುವ ಕರಾವಳಿಯವರಿಗೆ ಏಪ್ರಿಲ್ ನಡುವಿನ ಬಿಸುವಿನವರೆಗೆ ಇನ್ನೂ ಕೆಲವು ದಿನ ಸಿಗುತ್ತವೆ, ಅಷ್ಟರಲ್ಲಿ ಸೆಕೆಯೂ ಏರಿರುತ್ತದೆ. ಹಬ್ಬದ ಬೆಳಗಿನ ಎಣ್ಣೆಸ್ನಾನದ ಬಳಿಕ ತಲೆ ಪೂರ್ತಿ ಆರುವ ಮುನ್ನ ಹೊಸ ಅಂಗಿ ತೊಟ್ಟು ಕಾಲರಿಗೆ ಎಣ್ಣೆಯ ಪಟ್ಟೆ ಎಳೆದುಕೊಳ್ಳುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅಲ್ಲಿಯವರೆಗೆ ಹೆಗಲ ಮೇಲೊಂದು ಬೈರಾಸವಿರಲಿ. ದೇವರ ಮುಂದಿಟ್ಟ ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚುವಾಗ ಅಂಗಿಯಾದರೆ ಕೆಳಮಡಿಕೆಯ ಒಳಮಗ್ಗುಲಿಗೆ, ಸೀರೆಯಾದರೆ ಒಳಗೆ ಸಿಕ್ಕಿಸುವ ತುದಿಗೆ ಹಚ್ಚಲು ಹೇಳಿ. ಕೆನೆಬಣ್ಣದ ಎದೆಯ ಮೇಲೆ ಹಚ್ಚಿಬಿಟ್ಟಿದ್ದರೂ ಗಾಬರಿಯಿಲ್ಲ: ಸಾಬೂನು ಹಚ್ಚಿದೊಡನೆ ಆ ಕಲೆ ಕೆಂಪಾಗಿ ಹೆದರಿಸುತ್ತದೆ, ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಗೆ ತಿರುಗುತ್ತದೆ, ಒದ್ದೆಯಿರುವಾಗಲೇ ಚೈತ್ರದ ಬಿಸಿಲಿಗೆ ಎರಡು ಮೂರು ದಿನ ಹಿಡಿದರೆ ಬಿಸಿಲೇ ಅದನ್ನು ತೆಗೆಯುತ್ತದೆ.